ಗಾಣದ ಡೈರಿ – 4: ಮೀಟರ್ ಸುಳ್ಳು ಹೇಳಲಿಲ್ಲ, ನಾ ಓದಿದ್ದು ತಪ್ಪು

(1/3)

ಹೋದ ಪೋಸ್ಟಿಗೆ ಬಂದ ಕಮೆಂಟ್ ಎಲ್ಲಾ ಓದಿದೆ. ಅರ್ಧ ಮಂದಿ "ಗಾಣಕ್ಕ ಒಂದು ಥರ್ಮಾಮೀಟರ್ ಹಾಕ್ರೋ, ಇನ್ನೂ ಎಷ್ಟ ದಿನ ಅಂದಾಜಿನ ಮ್ಯಾಲ ಬೆಲ್ಲ ಮಾಡ್ತೀರಿ" ಅಂದ್ರಿ. ಉಳದವರು "ಅಜ್ಜನ ಕಣ್ಣಿನ ಮುಂದ ಯಾವ ಮಷಿನ್ ಲೆಕ್ಕ" ಅಂದ್ರಿ. ದೋಸ್ತಗೋಳೇ, ಎರಡೂ ಕಡೆಯವರಿಗೆ ನನ್ನ ಹತ್ರ ಒಂದ ಉತ್ತರ ಐತಿ. ಆದ್ರ ಅದಕ್ಕೂ ಮೊದಲು ನಾ ಮಾಡಿದ ತಪ್ಪು ಹೇಳಬೇಕು.

ಈ ಹುಚ್ಚು ಹತ್ತಿದ್ದು ವಿಡಿಯೋ ನೋಡಿ. ಹೊರದೇಶದಾಗ ಮನ್ಯಾಗ ಬಿಯರ್ ಮಾಡೋವ್ರು ಮೊಳಕೆ ಬರಿಸಿದ ಬಾರ್ಲಿ ನುಚ್ಚನ್ನ ಬಿಸಿನೀರಾಗ ನೆನೆಸಿ, 65ರಿಂದ 68 ಡಿಗ್ರಿ ಒಳಗ ತಾಸಗಟ್ಟಲೆ ಹಿಡಿದಿಡ್ತಾರ. ಡಿಗ್ರಿ ತಪ್ಪಿದ್ರ ರುಚಿನೂ ತಪ್ಪಿತು. ನಾ ಅದನ್ನ ಮಾಡಾಕ ಹೊಂಟಿಲ್ಲ, ಹೆದರಬ್ಯಾಡ್ರಿ. ನಮ್ಮ ರಾಜ್ಯದಾಗ ಲೈಸನ್ಸ್ ಇಲ್ದ ಮಾಡಿದ್ರ 1965ರ ಅಬಕಾರಿ ಕಾಯ್ದೆ ಐತಿ, ಅದಕ್ಕಿಂತ ದೊಡ್ಡದು ನಮ್ಮ ಅವ್ವನ ಕಾಯ್ದೆ ಐತಿ. ಆದ್ರ ಅವರ ಪಾತ್ರಿ, ಅವರ ಸೆನ್ಸರ್ ನೋಡಿ ನನಗ ನೆನಪಾಗಿದ್ದು ಕಾಕಾನ ಗಾಣದ ಕಡಾಯಿ.

ಕಬ್ಬಿನ ಹಾಲು ಕುದ್ದಂಗ ನೀರು ಹೋಗ್ತೈತಿ, ಸಕ್ಕರಿ ಗಟ್ಟಿ ಆಗ್ತೈತಿ. ಸಕ್ಕರಿ ಗಟ್ಟಿ ಆದಂಗ ಕುದಿಯೋ ಬಿಂದು ಏರ್ತೈತಿ. ಅಂದ್ರ ಡಿಗ್ರಿ ಹೇಳೋದು ಬರೇ ಬಿಸಿ ಎಷ್ಟು ಅಂತ ಅಲ್ಲ, ಒಳಗ ನೀರು ಎಷ್ಟು ಉಳದೈತಿ ಅಂತ. ಸುಮಾರು 106ಕ್ಕ ಇಳಿಸಿದ್ರ ಕಾಕಂಬಿ. ಅಚ್ಚಿನ್ಯಾಗ ಬಿಗಿಯೋ ಪೆಂಟಿ ಬೇಕಂದ್ರ 116ರಿಂದ 118. ಪುಸ್ತಕದ ಲೆಕ್ಕ ಇಷ್ಟ. ನಾ ಇಷ್ಟ ಓದಿ ಗಾಣಕ್ಕ ಹೋದೆ. 😅

(2/3)

ಮೊದಲನೇ ಸೆನ್ಸರ್ ಡಿಎಸ್18ಬಿ20. ಆ ಚಿಪ್ 125 ಡಿಗ್ರಿ ತನಕ ತಾಳ್ತೈತಿ, ಆದ್ರ ಅದರ ವೈರಿನ ಪ್ಲಾಸ್ಟಿಕ್ ತಾಳಲಿಲ್ಲ, ಮೆತ್ತಗಾಗಿ ಜೋತುಬಿತ್ತು. ಎರಡನೇದು ಸ್ಟೀಲ್ ನಳಿಗಿಯ ಕೆ-ಟೈಪ್ ಥರ್ಮೊಕಪಲ್. ಅದನ್ನ ಬಿದಿರಿನ ಕೋಲಿಗೆ ಕಟ್ಟಿ ಕಡಾಯಿ ದಂಡ್ಯಾಗ ಇಳಿಬಿಟ್ಟೆ.

ಪಾಕ ನೋಡೋ ಅಜ್ಜ ಹುಟ್ಟಿನಿಂದ ಹನಿ ತಗದು ತಣ್ಣೀರಾಗ ಬಿಟ್ಟು, ಬೆರಳಾಗ ಉಂಡಿ ಕಟ್ಟಿ ನೋಡ್ದ. "ಆತು, ಇಳಸ್ರಿ" ಅಂದ. ನನ್ನ ಮೀಟರ್ 111 ತೋರಸ್ತಿತ್ತು. "ತಡೀ ಅಜ್ಜಾ, ಇನ್ನೂ 118 ಬಂದಿಲ್ಲ" ಅಂದೆ. ಕಾಕಾ ಊರಾಗ ಹೋಗಿದ್ದ. ಓದಿದ ಹುಡುಗ ಹೇಳ್ತಾನ ಅಂತ ಅಜ್ಜ ತಡದ. ಆ ತಡದದ್ದಕ್ಕ ಸುಮಾರು ಒಂದು ಕ್ವಿಂಟಲ್ ಬೆಲ್ಲ ಕರಕ ಬಣ್ಣ, ಸುಟ್ಟ ವಾಸನಿ, ಅರ್ಧ ರೇಟು.

ಕಾಕಾ ಬಂದು ಅಜ್ಜಗ ಬೈದ. "ಕಣ್ಣು ಮಂದಾದುವು, ಇನ್ನ ಬಿಡು ಈ ಕೆಲಸ" ಅಂದ. ಅಜ್ಜ ನನ್ನ ಕಡೆ ನೋಡಿದ, ಏನೂ ಅನಲಿಲ್ಲ. ನಾನೂ ಏನೂ ಅನಲಿಲ್ಲ. ಎರಡು ದಿನ ಬಿಟ್ಟು ಕಾಕಾಗ ಖರೇ ಹೇಳ್ದೆ. ಆ ಎರಡು ದಿನ ಊಟ ಸೇರಿರಲಿಲ್ಲ.

ತಪ್ಪು ಎಲ್ಲಿತ್ತು? ಒಂದು, ನಾ ಅಳದದ್ದು ದಂಡ್ಯಾಗಿನ ನೊರಿ. ನಟ್ಟನಡುವ ಕುದಿಯೋ ಪಾಕ ಅದಕ್ಕಿಂತ ಬಿಸಿ ಇತ್ತು. ಎರಡು, ದಪ್ಪ ನಳಿಗಿ ನಿಧಾನ, ಪಾಕ ಮುಂದ ಓಡ್ತಿದ್ರ ಮೀಟರ್ ಹಿಂದ ನಡೀತಿತ್ತು. ಮೂರು, ನಮ್ಮೂರು ಸಮುದ್ರದ ದಂಡಿಗೆ ಇಲ್ಲ. ಎತ್ತರಕ್ಕ ಹೋದಂಗ ಸುಮಾರು 300 ಮೀಟರಿಗೆ ಒಂದು ಡಿಗ್ರಿ ಲೆಕ್ಕದಾಗ ನೀರಿನ ಕುದಿ ಬಿಂದು ಇಳೀತೈತಿ. ಇಲ್ಲಿ ಬರೇ ನೀರು ಕುದಿಸಿ ನೋಡಿದ್ರ ಮೀಟರ್ 98 ತೋರಿಸ್ತು. ಕೆಟ್ಟೈತಿ ಅಂದ್ಕೊಂಡೆ. ಅದು ಸರಿ ಇತ್ತು. ಅಂದ್ರ ಪುಸ್ತಕದ 118 ನಮ್ಮಲ್ಲಿ 116. ನಾಕನೇದು, ಒಲಿಯಿಂದ ಇಳಿಸಿದ ಮ್ಯಾಲೂ ಕಾದ ಕಡಾಯಿ ಪಾಕಾನ ಇನ್ನೂ ಸ್ವಲ್ಪ ಬೇಯಿಸ್ತೈತಿ. ಇದನ್ನೆಲ್ಲಾ ಅಜ್ಜ ಲೆಕ್ಕ ಹಾಕಿದ್ದ, ಡಿಗ್ರಿ ಅನ್ನೋ ಶಬ್ದ ಬಳಸದೆ.

(3/3)

ಈಗ ನನ್ನ ಅಭಿಪ್ರಾಯ. ಎಲ್ಲಿ ಅಳದೆ, ಹೆಂಗ ಅಳದೆ ಅಂತ ಗೊತ್ತಿಲ್ಲದ ನಂಬರ್, ನಂಬರ್ ಇಲ್ಲದ್ದಕ್ಕಿಂತ ಕೆಟ್ಟದ್ದು. ಯಾಕಂದ್ರ ಅದಕ್ಕ ಧೈರ್ಯ ಜಾಸ್ತಿ. ಹಂಗಂತ ಮೀಟರ್ ಬಿಸಾಕಬ್ಯಾಡ್ರಿ. ಅದರ ಕೆಲಸ ಅಜ್ಜಗ ಆರ್ಡರ್ ಮಾಡೋದಲ್ಲ, ಅಜ್ಜ ಹೇಳಿದ್ದನ್ನ ಬರಕೊಳ್ಳೋದು.

ಈಗ ಹಂಗ ಮಾಡಾಕತ್ತೀನಿ. ದಿನಾ ಮುಂಜಾನೆ ಮೊದಲು ನೀರು ಕುದಿಸಿ ಮೀಟರ್ ನೋಡ್ತೀನಿ. ಸೆನ್ಸರ್ ತಳಕ್ಕ ತಾಗದಂಗ ನಡುವ, ಯಾವಾಗಲೂ ಅದ ಜಾಗಾದಾಗ. ಪಾಕ ತಿರುವಿದ ಮ್ಯಾಲನ ಓದೋದು. ಅಜ್ಜ "ಇಳಸ್ರಿ" ಅಂದ ಕೂಡಲೆ ನಂಬರ್ ಬರೀತೀನಿ, ಬಾಯಿ ತಗಿಯಂಗಿಲ್ಲ. 11 ಕಡಾಯಿ ಆದುವು. 9ರಾಗ ಕುದಿನೀರಿಗಿಂತ 17ರಿಂದ 19 ಡಿಗ್ರಿ ಮ್ಯಾಲ. ಮಂದ ಆದುವು ಅಂದ ಕಣ್ಣಿಗೆ ಬರೇ ಎರಡು ಡಿಗ್ರಿ ಫರಕ! ಉಳಿದ ಎರಡರಾಗ ಇನ್ನೂ ಸ್ವಲ್ಪ ಜಾಸ್ತಿ ಎಳದ. ಯಾಕ ಅಂತ ಕೇಳ್ದೆ. "ಕಡದು ಮೂರು ದಿನ ಬಿಸಲಾಗ ಬಿದ್ದ ಕಬ್ಬದು ತಮ್ಮಾ, ಅದರ ಬೆಲ್ಲ ಲಗೂ ಬಿಗಿಯಂಗಿಲ್ಲ" ಅಂದ. ಮೀಟರಿಗೆ ಅದು ಗೊತ್ತಿರಲಿಲ್ಲ. ನನ್ನ ವಹಿಯಾಗ ಈಗ ಅದಕ್ಕೂ ಒಂದು ಕಾಲಂ ಐತಿ.

ಬಿಕಾಂನವರಿಗೆ ಒಂದು ಮಾತು. ಪ್ರೊಸೆಸ್ ಕಾಸ್ಟಿಂಗ್‌ನ್ಯಾಗ ನಾರ್ಮಲ್ ಲಾಸ್, ಅಬ್ನಾರ್ಮಲ್ ಲಾಸ್ ಅಂತ ಬಾಯಿಪಾಠ ಮಾಡಿವಲ್ಲ? ಹಾಲಿನ್ಯಾಗಿನ ನೀರು ಆವಿಯಾಗೋದು ನಾರ್ಮಲ್. ನಾ ಸುಟ್ಟ ಕ್ವಿಂಟಲ್ ಅಬ್ನಾರ್ಮಲ್. ಬರಹ ಇಲ್ಲದ ಗಾಣದಾಗ ಎರಡೂ ಒಂದ, "ಹಣೇಬರಹ". ಇಲ್ಲಾಂದ್ರ ಬಡವನ ತಪ್ಪು. ವಹಿ ಇದ್ದಿದ್ರ ಅವತ್ತು ಬೈಸಿಕೊಳ್ಳಬೇಕಾದವ ನಾನು.

ನಿಮ್ಮ ಮನ್ಯಾಗೂ ಇಂಥ ಒಬ್ಬರು ಇರ್ತಾರ. ಕರದಂಟಿಗೆ ಬೆಲ್ಲದ ಎಳಿ ನೋಡೋ ಅತ್ತಿ, ಹೆಪ್ಪಿಗೆ ಹಾಲಿನ ಬಿಸಿ ಬೆರಳಲೆ ನೋಡೋ ಆಯಿ. ಅವರನ್ನ ಪರೀಕ್ಷಾ ಮಾಡಾಕ ಮೀಟರ್ ತರಬ್ಯಾಡ್ರಿ. ಬಾಜೂಕ ಕುಂತು ಬರಕೊಳ್ಳಾಕ ತರ್ರಿ. ಅಜ್ಜಗ ಮುಂದಿನ ಹಂಗಾಮಿಗೆ ಬರ್ತಿಯೇನು ಅಂತ ಕೇಳೀನಿ. "ನಿನ್ನ ಕೋಲು ತಗೊಂಡ ಬಾ, ನೋಡೂಣು" ಅಂದಾನ.

ನಿಮ್ಮನ್ಯಾಗ ಅಂದಾಜಿನ ಮ್ಯಾಲ ನಡಿಯೋ ಕೆಲಸ ಯಾವ್ದು? ಕಮೆಂಟ್‌ನ್ಯಾಗ ಹೇಳ್ರಿ.

#ಗಾಣದಡೈರಿ #ಅಂಕಲಗಿ #ಗೋಕಾಕ #ಬೆಲ್ಲ #ಬಿಕಾಂಹುಡುಗ