ಸಂತಮಸವೆಂಬ ಗ್ರಹ

ಘಟಪ್ರಭಾ ನದಿಯು ಗೋಕಾಕ ಫಾಲ್ಸಿನಲ್ಲಿ ಸುಮಾರು 170 ಅಡಿ ಧುಮುಕುವುದನ್ನು ಈ ಸೀಮೆಯ ಬಾಲಕರೆಲ್ಲರೂ ಬಲ್ಲರು. ಆ ಹೆಸರಿನೊಳಗಿರುವ, ಬೆಳಗುವುದೆಂಬ ಅರ್ಥದ 'ಭಾ' ಧಾತುವೇ ಸುಮಾರು 340 ಜ್ಯೋತಿರ್ವರ್ಷ ದೂರದ ಒಂದು ನಕ್ಷತ್ರದ ಹೆಸರಿನಲ್ಲಿಯೂ ಇದೆಯೆಂಬುದನ್ನು ಬಲ್ಲವರು ವಿರಳ. 2019ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಭಾರತದ ಪಾಲಿಗೆ ಬಂದ ನಕ್ಷತ್ರಕ್ಕೆ 'ಬಿಭಾ' ಎಂದೂ ಅದನ್ನು ಸುತ್ತುವ ಗ್ರಹಕ್ಕೆ 'ಸಂತಮಸ' ಎಂದೂ ನಾಮಕರಣ ಮಾಡಿತು. ಬಿಭಾ ಎಂಬುದು ವಿಶ್ವಕಿರಣಗಳನ್ನು ಅಭ್ಯಸಿಸಿದ ವಿದುಷಿ ಬಿಭಾ ಚೌಧುರಿಯವರ ಸ್ಮರಣೆ. ಕೋಲಾರದ ಚಿನ್ನದ ಗಣಿಯೊಳಗಿನ ಪ್ರಯೋಗಗಳಿಗೂ ಅವರಿಗೂ ಸಂಬಂಧವಿತ್ತು. ವಂಗೀಯರು ವಕಾರವನ್ನು ಬಕಾರವಾಗಿ ಉಚ್ಚರಿಸುವುದರಿಂದ ವಿಭಾ ಬಿಭಾ ಆಗಿದೆ, ಅರ್ಥ ಬೆಳಕೇ.

ಗ್ರಹದ ಹೆಸರು ಮಾತ್ರ ಚಿಂತನಾರ್ಹ. ಅದರ ವಾಯುಮಂಡಲವನ್ನು ಲಕ್ಷಿಸಿ 'ಮೋಡ ಮುಸುಕಿದುದು' ಎಂದು ಅರ್ಥ ಹೇಳಿದ್ದಾರೆ. ಅಮರಕೋಶಕಾರನು ಕತ್ತಲೆಯನ್ನು ಇದಕ್ಕಿಂತ ಸೂಕ್ಷ್ಮವಾಗಿ ವಿಂಗಡಿಸಿದ್ದಾನೆ: ಗಾಢವಾದರೆ ಅಂಧತಮಸ, ಕ್ಷೀಣವಾದರೆ ಅವತಮಸ, ಎಲ್ಲ ಕಡೆಗೂ ವ್ಯಾಪಿಸಿದರೆ ಸಂತಮಸ. ಈ ಮೂರು ಪೂರ್ವಪದಗಳ ಮುಂದೆ 'ತಮಸ್' ಶಬ್ದವು ಅಕಾರಾಂತವಾಗುವುದೆಂದು ಪಾಣಿನಿಯ ಸೂತ್ರವೇ ಉಂಟು. ಇದನ್ನರಿಯದೆ ರೋಮನ್ ಅಕ್ಷರಗಳನ್ನು ನೋಡಿ 'ಸಂತಾಮಾಸ' ಎಂದು ಬರೆದರೆ ಅದು ಯಾವುದೋ ತಿಂಗಳ ಹೆಸರಾದೀತು!

ಹೆಸರು ಒಪ್ಪುವುದೇ? 2006ರಲ್ಲಿ ಪತ್ತೆಯಾದ ಈ ಗ್ರಹದ ತೂಕ ಗುರುಗ್ರಹದ ಒಂದೂವರೆ ಪಟ್ಟಿಗೆ ಕಡಿಮೆಯಿರಲಾರದು. ಭೂಮಿಗೂ ಸೂರ್ಯನಿಗೂ ಇರುವ ಅಂತರದ ಇಪ್ಪತ್ತೈದರಲ್ಲೊಂದು ಪಾಲಿಗಿಂತಲೂ ಸಮೀಪದಲ್ಲಿ ಅದು ತನ್ನ ನಕ್ಷತ್ರವನ್ನು ಸುತ್ತುತ್ತದೆ. ಅದರ ವರ್ಷ ಎರಡು ದಿನಗಳಿಗೆ ತುಸು ಹೆಚ್ಚು. ಇಲ್ಲಿ ಒಂದು ಸೋಮವಾರ ಕಳೆದು ಇನ್ನೊಂದು ಬರುವಷ್ಟರಲ್ಲಿ ಅಲ್ಲಿ ಮೂರು ಸಂವತ್ಸರ ಮುಗಿದಿರುತ್ತವೆ. ಇಷ್ಟು ನಿಕಟವಾದ ಗ್ರಹಗಳು ನಕ್ಷತ್ರಕ್ಕೆ ಸದಾ ಒಂದೇ ಮುಖವನ್ನು ತೋರುವುವೆಂದು ವಿಜ್ಞಾನಿಗಳ ತರ್ಕ. ಹಾಗಿದ್ದರೆ ಒಂದು ಮಗ್ಗುಲಿಗೆ ಕೊನೆಯಿಲ್ಲದ ಹಗಲು. ಎಲ್ಲ ಕಡೆಗೂ ಕತ್ತಲೆಯೆಂಬ ಲಕ್ಷಣ ಕೂಡುವುದಿಲ್ಲ. ಆದರೂ ಹೆಸರು ಬೇರೊಂದು ರೀತಿಯಲ್ಲಿ ಸಾರ್ಥಕ. ಆ ಗ್ರಹವನ್ನು ಕಣ್ಣಾರೆ ಕಂಡವರಿಲ್ಲ. ಅದರ ಸೆಳೆತಕ್ಕೆ ನಕ್ಷತ್ರವು ತುಸು ಓಲಾಡುವುದನ್ನು ಬೆಳಕಿನ ವರ್ಣಪಟಲದಲ್ಲಿ ಅಳೆದು, ಅದು ಇರಲೇಬೇಕೆಂದು ನಿಶ್ಚಯಿಸಿದರು. ನೋಡುವವರ ಪಾಲಿಗೆ ಅದು ಸಂತಮಸವೇ ಸರಿ.

ಪದದ ಬಗೆ ತಿಳಿಸಲು ಭಾಷಾ ಪಂಡಿತರು ಬೇಕು, ಓಲಾಟವನ್ನು ವಿವರಿಸಲು ವಿಜ್ಞಾನದ ಅಧ್ಯಾಪಕರು ಬೇಕು. ಶಾಲೆಗಳಲ್ಲಿ ಇವರಿಬ್ಬರು ಕೂಡುವುದು ಚಹದ ವೇಳೆಯಲ್ಲಷ್ಟೆ. ದಾನಿಗಳೂ ಪ್ರಯೋಗಶಾಲೆಗೊಂದು, ಗ್ರಂಥಾಲಯಕ್ಕೊಂದು ಎಂದು ಬೇರೆ ಬೇರೆಯಾಗಿ ಕೊಡುತ್ತ ಬಂದಿದ್ದಾರೆ. ಇಬ್ಬರಿಗೂ ಸೇರಿ ಒಂದು ಸಣ್ಣ ದೂರದರ್ಶಕವನ್ನು ಕೊಡಿಸಿದರೆ ಹೇಗೆ? ಬಿಭಾ ಬರಿಗಣ್ಣಿಗೆ ಕಾಣದು, ದೂರದರ್ಶಕಕ್ಕೆ ಕಾಣುವುದು. ಮಳೆಯ ಹೆಸರಿನಿಂದ ರೈತರ ಮಕ್ಕಳಿಗೆ ಪರಿಚಿತವಾದ ಮಘಾ ನಕ್ಷತ್ರದಿಂದ ದಕ್ಷಿಣಕ್ಕಿಳಿದು ಹುಡುಕಬೇಕು. ಅಲ್ಲಿ ಕಾಣುವ ಬೆಳಕು ಹೊರಟಾಗ ಕೆಳದಿಯ ರಾಣಿ ಚೆನ್ನಮ್ಮಾಜಿ ರಾಜ್ಯವಾಳುತ್ತಿದ್ದಳು. ಫಾಲ್ಗುಣದ ಕೃಷ್ಣಪಕ್ಷದಲ್ಲಿ, ಚಂದ್ರನಿಲ್ಲದ ಮುನ್ನಿರುಳಿನ ಹೊತ್ತು ಇದಕ್ಕೆ ಅನುಕೂಲ. ಆಗ ಜಲಪಾತವೂ ಸೊರಗಿರುವುದರಿಂದ ತುಂತುರಿನ ಅಡ್ಡಿಯಿಲ್ಲ.