ಮಗು ಉಗ್ಗಿದರೆ ತಾಯಿಯನ್ನು ವಿಚಾರಣೆಗೆ ನಿಲ್ಲಿಸಬೇಡಿ

ಚೆನ್ನಾಗಿ ಮಾತಾಡಿಕೊಂಡಿದ್ದ ಮಗು ಇದ್ದಕ್ಕಿದ್ದಂತೆ ಉಗ್ಗತೊಡಗಿದರೆ ಮನೆಗೆ ಬಂದವರೆಲ್ಲ ಮೊದಲು ತಾಯಿಯ ಮುಖ ನೋಡುತ್ತಾರೆ. ‘ಏನಾದ್ರೂ ನೋಡಿ ಹೆದರಿಕೊಂಡ್ನಾ? ನೀನು ಗದರಿದ್ಯಾ? ಮೊಬೈಲ್ ಜಾಸ್ತಿ ಕೊಟ್ಯಾ?’ ನನ್ನ ಮಗನಿಗೆ ಮೂರು ತುಂಬುವ ಮೊದಲೇ ಉಗ್ಗು ಶುರುವಾದಾಗ ಇವನ್ನೆಲ್ಲ ಕೇಳಿಸಿಕೊಂಡೆ. ಇವು ಸಾಲದು ಎಂಬಂತೆ ಇನ್ನೆರಡು ಆರೋಪಗಳೂ ಸೇರಿಕೊಂಡವು. ನಾನು ಬ್ಯಾಂಕಿಗೆ ಕೆಲಸಕ್ಕೆ ಹೋಗುವುದು ಒಂದು. ಪಾವಗಡದವಳಾದ ನಾನು ಮಗನ ಜೊತೆ ತೆಲುಗು ಆಡುವುದು ಇನ್ನೊಂದು. ‘ಎರಡೆರಡು ಭಾಷೆ ತುರುಕಿದ್ರೆ ಮಗು ತಡವರಿಸದೆ ಇನ್ನೇನು ಮಾಡುತ್ತೆ’ ಎಂದರು ಮಂಡ್ಯದ ನಮ್ಮ ಬೀದಿಯ ಹಿರಿಯರೊಬ್ಬರು.

ಶುರುವಾದದ್ದು ಹೀಗೆ. ವಾರದ ಹಿಂದಷ್ಟೇ ‘ಅಜ್ಜಿ, ನಂಗೆ ರಾಗಿಮುದ್ದೆ ಬೇಡ, ದೋಸೆ ಹಾಕ್ಕೊಡು’ ಎಂದು ಪೂರಾ ವಾಕ್ಯ ಹೇಳುತ್ತಿದ್ದವನು ಒಂದು ಬೆಳಿಗ್ಗೆ ‘ಅ-ಅ-ಅ-ಅಜ್ಜಿ’ ಎಂದ. ಕೆಲವೇ ದಿನಗಳಲ್ಲಿ ಅದು ಬರೀ ಪುನರಾವರ್ತನೆಯಾಗಿ ಉಳಿಯಲಿಲ್ಲ. ಬಾಯಿ ತೆರೆದಿದೆ, ಸ್ವರ ಹೊರಡುತ್ತಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಾನೆ, ಬಲಗಾಲನ್ನು ನೆಲಕ್ಕೆ ಒಂದು ಸಲ ಕುಟ್ಟುತ್ತಾನೆ, ಆಮೇಲೆ ಮಾತು ಹೊರಬರುತ್ತದೆ. ಹಾಡುವಾಗ ಮಾತ್ರ ಇದೊಂದೂ ಇಲ್ಲ. ಪಕ್ಕದ ಮನೆಯ ಕರುವಿನ ಜೊತೆ ಹರಟುವಾಗಲೂ ಇಲ್ಲ. ಅದನ್ನೇ ಹಿಡಿದು ‘ಬೇಕೂಂತ ಮಾಡ್ತಾನೆ’ ಎಂದವರಿದ್ದಾರೆ. ಉಗ್ಗುವ ಮಕ್ಕಳಿಗೆ ಹಾಡುವಾಗ, ಒಂಟಿಯಾಗಿ ಆಡಿಕೊಳ್ಳುವಾಗ ಮಾತು ಸಲೀಸಾಗುವುದು ತೀರಾ ಸಾಮಾನ್ಯ. ಒಂದು ವಾರ ಪೂರ್ತಿ ಸರಿಹೋದಂತೆ ಕಂಡು ಮತ್ತೆ ಮರುಕಳಿಸುವುದೂ ಅಷ್ಟೇ ಸಾಮಾನ್ಯ. ಅದರಲ್ಲಿ ಮಗುವಿನ ಹಟವಾಗಲಿ ನಟನೆಯಾಗಲಿ ಇಲ್ಲ.

100 ಮಕ್ಕಳಲ್ಲಿ ಸುಮಾರು 5 ಮಕ್ಕಳು ಬಾಲ್ಯದ ಒಂದಲ್ಲ ಒಂದು ಹಂತದಲ್ಲಿ ಉಗ್ಗುತ್ತಾರೆ. ಬಹುಪಾಲು ಮಕ್ಕಳಲ್ಲಿ ಇದು ಕಾಣಿಸಿಕೊಳ್ಳುವುದು 2ರಿಂದ 5 ವರ್ಷದೊಳಗೆ, ಅಂದರೆ ಬಿಡಿ ಪದಗಳನ್ನು ದಾಟಿ ಉದ್ದುದ್ದ ವಾಕ್ಯ ಕಟ್ಟುವ ವಯಸ್ಸಿನಲ್ಲಿ. ಒಂದೆರಡು ದಿನದೊಳಗೆ ದಿಢೀರನೆ ಶುರುವಾಗುವುದು ಅಪರೂಪವೇನಲ್ಲ. ಹಾಗೆ ದಿಢೀರನೆ ಬಂದದ್ದರಿಂದಲೇ ಜನ ಹಿಂದಿನ ದಿನ ಏನಾಯಿತು ಎಂದು ಹುಡುಕುತ್ತಾರೆ. ನಾಯಿ ಬೊಗಳಿತ್ತು, ಅಮ್ಮ ಬೈದಿದ್ದಳು, ಯಾವುದೋ ಒಂದು ಸಿಕ್ಕೇ ಸಿಗುತ್ತದೆ. ನಿಜವಾದ ಕಾರಣ ಮಾತನ್ನು ಹೊಂದಿಸುವ ಮಿದುಳಿನ ಬೆಳವಣಿಗೆಯಲ್ಲಿದೆ, ವಂಶವಾಹಿಯಲ್ಲಿದೆ. 2010ರಲ್ಲಿ ಅಮೆರಿಕದ ಡೆನಿಸ್ ಡ್ರೇನಾ ಅವರ ತಂಡ ಪಾಕಿಸ್ತಾನದ ಕುಟುಂಬಗಳನ್ನು ಅಧ್ಯಯನ ಮಾಡಿ ಉಗ್ಗಿಗೆ ಸಂಬಂಧಿಸಿದ ಜೀನುಗಳನ್ನು ಗುರುತಿಸಿತು. ಎರಡು ಭಾಷೆ ಆಡಿದ್ದರಿಂದ ಉಗ್ಗು ಬರುವುದಿಲ್ಲ. ಬರುವುದಾಗಿದ್ದರೆ ಪಾವಗಡ, ಮಂಗಳೂರು, ಬೆಳಗಾವಿಯ ಅರ್ಧ ಊರು ಉಗ್ಗಬೇಕಿತ್ತು.

ನಮ್ಮ ಮನೆಯಲ್ಲೂ ವಂಶದ ಎಳೆಯಿತ್ತು. ನನ್ನ ಗಂಡನ ಚಿಕ್ಕಪ್ಪ ಅರವತ್ತು ದಾಟಿದರೂ ಉಗ್ಗುತ್ತಾರೆ. ಇದನ್ನು ಹೇಳುತ್ತಿರುವುದು ಆರೋಪವನ್ನು ನನ್ನ ತಲೆಯಿಂದ ಅವರ ತಲೆಗೆ ದಾಟಿಸಲಿಕ್ಕಲ್ಲ. ಬಣ್ಣ, ಎತ್ತರದ ಹಾಗೆ ಬಂದದ್ದಕ್ಕೆ ಯಾರನ್ನೂ ಹೊಣೆ ಮಾಡಲಾಗದು.

ತಂದೆ ತಾಯಿಯನ್ನು ದೂರುವ ಚಾಳಿ ಬೀದಿಯದ್ದು ಮಾತ್ರವಲ್ಲ, ವಿಜ್ಞಾನಿಗಳೂ ಅದನ್ನು ಮಾಡಿದ್ದಾರೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ವೆಂಡೆಲ್ ಜಾನ್ಸನ್, ಮಗುವಿನ ಸಹಜ ತಡವರಿಕೆಯನ್ನು ಹೆತ್ತವರು ಉಗ್ಗು ಎಂದು ಹೆಸರಿಸುವುದರಿಂದಲೇ ಉಗ್ಗು ಹುಟ್ಟುತ್ತದೆ ಎಂದು ನಂಬಿದ್ದರು. ಅವರೂ ಉಗ್ಗುತ್ತಿದ್ದವರೇ. 1939ರಲ್ಲಿ ಅವರ ಮಾರ್ಗದರ್ಶನದಲ್ಲಿ ಅನಾಥಾಲಯದ 22 ಮಕ್ಕಳ ಮೇಲೆ ಪ್ರಯೋಗ ನಡೆಯಿತು. ಸರಿಯಾಗಿ ಮಾತಾಡುತ್ತಿದ್ದ ಕೆಲವು ಮಕ್ಕಳಿಗೆ ‘ನಿನಗೆ ಉಗ್ಗು ಶುರುವಾಗುತ್ತಿದೆ, ಸರಿಯಾಗಿ ಹೇಳಲು ಬಂದರೆ ಮಾತ್ರ ಬಾಯಿ ತೆರೆ’ ಎಂಬ ಅರ್ಥದ ಮಾತುಗಳನ್ನು ಹೇಳಲಾಯಿತು. ಆ ಮಕ್ಕಳಿಗೆ ಉಗ್ಗು ಬರಲಿಲ್ಲ. ಆದರೆ ಅವರು ಮಾತಾಡಲು ಹಿಂಜರಿದರು, ಮಂಕಾದರು. ವಿಶ್ವವಿದ್ಯಾಲಯ ಇದಕ್ಕೆ ಬಹಿರಂಗವಾಗಿ ಕ್ಷಮೆ ಕೇಳಿದ್ದು 2001ರಲ್ಲಿ. ಜಾನ್ಸನ್ ಸಿದ್ಧಾಂತ ಬಿದ್ದುಹೋಯಿತು. ಮಗುವಿನ ಮಾತನ್ನು ಸದಾ ತಿದ್ದುತ್ತಿದ್ದರೆ ಅದು ಮಾತನ್ನೇ ಬಿಡುತ್ತದೆ ಎಂಬುದನ್ನಂತೂ ಆ ಪ್ರಯೋಗ ಕ್ರೂರವಾಗಿ ತೋರಿಸಿಕೊಟ್ಟಿತು.

ನಮ್ಮ ಮನೆಗಳಲ್ಲಿ ನಡೆಯುವುದೂ ಇದೇ ತಿದ್ದುವಿಕೆ, ಪ್ರೀತಿಯ ಹೆಸರಿನಲ್ಲಿ. ‘ನಿಧಾನವಾಗಿ ಹೇಳು ಕಂದ’, ‘ಉಸಿರು ತಗೊಂಡು ಹೇಳು’, ‘ಮೊದ್ಲಿಂದ ಹೇಳು ನೋಡೋಣ’. ಅವನ ವಾಕ್ಯವನ್ನು ಅವನಿಗಿಂತ ಮುಂಚೆ ಮುಗಿಸಿಬಿಡುವುದು ಇನ್ನೊಂದು. ವಿಡಿಯೊ ಕಾಲ್ ಬಂದರೆ ಮಗುವನ್ನು ಎಳೆದು ತಂದು ‘ಮಾಮಂಗೆ ಹಾಯ್ ಹೇಳು, ಪದ್ಯ ಹೇಳು’ ಎನ್ನುವುದು ಎಲ್ಲಕ್ಕಿಂತ ಕಷ್ಟದ್ದು. ಬಜೆ ತೇಯ್ದು ನಾಲಿಗೆಗೆ ಹಚ್ಚಿ ಎಂದವರಿದ್ದರು, ನಾಲಿಗೆಯ ಕೆಳಗಿನ ಪೊರೆ ಕತ್ತರಿಸಿಸಿ ಎಂದವರೂ ಇದ್ದರು. ಉಗ್ಗುವ ಮಗುವಿನ ನಾಲಿಗೆಯಲ್ಲಿ ದೋಷವೇ ಇಲ್ಲದಿರುವಾಗ ಅದನ್ನು ತಿಕ್ಕಿ, ಕತ್ತರಿಸಿ ಫಲವೇನು?

ಬದಲಾಗಬೇಕಾದದ್ದು ಮಗುವಿನ ಸುತ್ತಲಿನ ನಾವು. ವಾಕ್ ಚಿಕಿತ್ಸಕಿ ನಮಗೆ ಹೇಳಿಕೊಟ್ಟದ್ದು ಬಹಳ ಸರಳ: ದಿನಕ್ಕೆ ಐದು ನಿಮಿಷ ಅವನೊಬ್ಬನ ಜೊತೆ ಕೂತುಕೊಳ್ಳಿ, ಅವನ ಆಟ ಎತ್ತ ಹೋದರೆ ಅತ್ತ ನೀವೂ ಹೋಗಿ, ಪ್ರಶ್ನೆ ಕಮ್ಮಿ ಮಾಡಿ. ಅದು ಅವರೆಕಾಯಿಯ ಕಾಲ. ಸಂಜೆ ನಡುಮನೆಯಲ್ಲಿ ಪೇಪರ್ ಹಾಸಿ ಅತ್ತೆ ಅವನನ್ನು ಎದುರಿಗೆ ಕೂರಿಸಿಕೊಂಡು ಕಾಯಿ ಬಿಡಿಸತೊಡಗಿದರು. ‘ಇದ್ರಲ್ಲಿ ಎಷ್ಟು ಕಾಳಿದೆ ಹೇಳು’ ಎಂದು ಕೇಳುವುದನ್ನು ಬಿಟ್ಟು ‘ಇದ್ರಲ್ಲಿ ನಾಲ್ಕು ಕಾಳಿದೆ’ ಎಂದು ತಾವೇ ಹೇಳುತ್ತಿದ್ದರು. ಅವನು ಹೇಳಿ ಮುಗಿಸಿದ ಮೇಲೂ ಒಂದು ಕಾಯಿ ಸುಲಿದು, ಆಮೇಲೆ ಉತ್ತರ ಕೊಡುತ್ತಿದ್ದರು. ‘ಹು-ಹು-ಹುಳ ಐತೆ’ ಎಂದು ಅವನು ಕೈ ಚಾಚಿದರೆ ಕಣ್ಣು ಅವನ ಬಾಯಿಯ ಮೇಲಿಡದೆ ಹುಳದ ಮೇಲಿಟ್ಟು, ‘ಹೌದು, ಹಸಿರು ಹುಳ’ ಎನ್ನುತ್ತಿದ್ದರು. ಎರಡು ತಿಂಗಳಾಗುವಷ್ಟರಲ್ಲಿ ಕಾಲು ಕುಟ್ಟುವುದು ನಿಂತಿತು. ಉಗ್ಗು ಇನ್ನೂ ಇದೆ, ಮೊದಲಿನಷ್ಟು ಇಲ್ಲ. ಅದು ಐದು ನಿಮಿಷದ ಫಲವೋ ತಾನಾಗಿ ಇಳಿಯಿತೋ ಎಂದು ಯಾರಾದರೂ ಕೇಳಬಹುದು. ಅವನು ಮತ್ತೆ ಹೆಚ್ಚು ಮಾತಾಡುತ್ತಿದ್ದಾನೆ, ನನಗೆ ಅದು ಮುಖ್ಯ.

ತಾನಾಗಿ ಹೋಗುತ್ತದೆ ಎಂಬ ಮಾತು ಸುಳ್ಳಲ್ಲ. ಉಗ್ಗತೊಡಗಿದ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲು ಮಕ್ಕಳಿಗೆ ಕಾಲಕ್ರಮೇಣ ಅದು ಹೋಗುತ್ತದೆ. ಆದರೆ ನಾವು ಮೊದಲು ತೋರಿಸಿದ ವೈದ್ಯರು ಇಷ್ಟೇ ಹೇಳಿ, ಮನೆಯಲ್ಲಿ ಯಾರಿಗೆ ಉಗ್ಗಿದೆ ಎಂದೂ ಕೇಳದೆ ಕಳಿಸಿದ್ದು ಸರಿಯಲ್ಲ. ಮಗು ಗಂಡಾಗಿದ್ದರೆ, ವಂಶದಲ್ಲಿ ದೊಡ್ಡವರಾದ ಮೇಲೂ ಉಗ್ಗು ಉಳಿದವರಿದ್ದರೆ, ಉಗ್ಗು ತಿಂಗಳುಗಟ್ಟಲೆ ಎಳೆದರೆ, ಮಾತಾಡುವಾಗ ಮುಖ ಬಿಗಿಯುತ್ತಿದ್ದರೆ ಅಥವಾ ಮಾತು ತಪ್ಪಿಸಿಕೊಳ್ಳತೊಡಗಿದರೆ ಕಾಯುವುದು ಬೇಡ, ತೋರಿಸಿ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ರಾಜ್ಯದಲ್ಲೇ, ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ದೂರದ ಊರಿನವರಿಗೆ ಜಿಲ್ಲೆಯಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೋಡಿಕೊಳ್ಳುವ ಡಿಇಐಸಿ ಎಂಬ ಕೇಂದ್ರವಿದೆಯೇ ಎಂದು ಆಶಾ ಕಾರ್ಯಕರ್ತೆಯನ್ನೇ ಕೇಳಬಹುದು. ಆಸ್ಟ್ರೇಲಿಯಾದ ಲಿಡ್‌ಕೂಂಬ್ ಪದ್ಧತಿಯಂತೆ, ತಜ್ಞರಿಂದ ಕಲಿತ ತಂದೆ ಅಥವಾ ತಾಯಿಯೇ ಮನೆಯಲ್ಲಿ ಚಿಕಿತ್ಸೆ ಕೊಡುವ ಕ್ರಮಗಳೂ ಇವೆ. ಅಂಗನವಾಡಿ ಕಾರ್ಯಕರ್ತೆಯರಿಗೆ ಮಗುವಿನ ತೂಕ ನೋಡಲು ಕಲಿಸುವ ಸರ್ಕಾರ, ಇಂಥ ಮಗು ಕಂಡರೆ ಎಲ್ಲಿಗೆ ಕಳಿಸಬೇಕು ಎಂಬುದನ್ನೂ ಕಲಿಸಲಿ. ಅದಕ್ಕೆ ದೊಡ್ಡ ಖರ್ಚೇನಿಲ್ಲ.

ಚಿಕ್ಕಪ್ಪನವರು ಒಂದು ಭಾನುವಾರ ಮನೆಗೆ ಬಂದಾಗ ಶಾಲೆಯಲ್ಲಿ ಹಾಜರಿ ಕೂಗುವಾಗಲೆಲ್ಲ ತಾವು ಬೆವರುತ್ತಿದ್ದುದನ್ನು ಹೇಳಿದರು. ‘ಎ-ಎಸ್ ಸಾರ್ ಅನ್ನೋಕೆ ಆಗ್ದೆ ಎಷ್ಟೋ ದಿನ ಆಬ್ಸೆಂಟ್ ಆದೆ ಕಣಮ್ಮ’ ಎಂದರು. ಜೂನ್‌ನಲ್ಲಿ ಮಗನನ್ನು ನರ್ಸರಿಗೆ ಸೇರಿಸಬೇಕು. ಅದಕ್ಕೆ ಮೊದಲೇ ಹೋಗಿ ಟೀಚರಮ್ಮನ ಹತ್ತಿರ ಕೂತು ಮಾತಾಡಿದೆ: ಹಾಜರಿಗೆ ಕೈ ಎತ್ತಿದರೆ ಸಾಕೆನ್ನಿ, ಪದ್ಯವನ್ನು ಒಬ್ಬನನ್ನೇ ನಿಲ್ಲಿಸಿ ಹೇಳಿಸದೆ ಇಬ್ಬಿಬ್ಬರಿಂದ ಹೇಳಿಸಿ, ಯಾರಾದರೂ ಅಣಕಿಸಿದರೆ ಅಲ್ಲಿಯೇ ತಡೆಯಿರಿ, ಪಾಪ ಎಂದು ಅವನಿಗೆ ಮಾತಿನ ಅವಕಾಶ ಮಾತ್ರ ತಪ್ಪಿಸಬೇಡಿ. ಅವರು ಎಲ್ಲವನ್ನೂ ಬರೆದುಕೊಂಡರು. ಹೋದ ವರ್ಷ ತಮ್ಮ ತರಗತಿಯಲ್ಲಿ ಹೀಗೇ ಉಗ್ಗುವ ಹುಡುಗಿಯೊಬ್ಬಳಿದ್ದಳು, ‘ದೊಡ್ಡವಳಾದ್ಮೇಲೆ ಸೇರಿಸ್ತೀವಿ’ ಎಂದು ಮನೆಯವರು ಅರ್ಧಕ್ಕೇ ಬಿಡಿಸಿಕೊಂಡು ಹೋದರು ಎಂದರು. ಆ ತಾಯಿಗೆ ನನ್ನ ನಂಬರ್ ತಲುಪಿಸಿ ಎಂದು ಕೇಳಿಕೊಂಡು ಬಂದಿದ್ದೇನೆ.