ವೆಬ್‌ಸೈಟ್ ಕಟ್ಟುವುದು ಸುಲಭ, ಕಾಯುವವರು ಯಾರು?

ರಾಯಚೂರಿನ ಒಂದು ಕಾಲೇಜು, ಮಾನ್ವಿಯ ಒಂದು ಅಕ್ಕಿ ಗಿರಣಿ, ದೇವದುರ್ಗದ ಒಂದು ರೈತ ಉತ್ಪಾದಕರ ಕಂಪನಿ – ಇಂತಹ ಸಂಸ್ಥೆಗಳಿಗೆಲ್ಲ ಇಂದು ಸ್ವಂತ ವೆಬ್‌ಸೈಟ್ ಬೇಕಾಗಿದೆ. ಅದನ್ನು ರೂಪಿಸಿಕೊಡುವವರು ಬಹುಮಟ್ಟಿಗೆ ಮೂರು–ನಾಲ್ಕು ಮಂದಿಯ ಸಣ್ಣ ತಂಡಗಳು. ಕೋಡ್ ಬರೆಯದೆ ಚಿತ್ರ, ಅಕ್ಷರ, ಅರ್ಜಿ ನಮೂನೆಗಳನ್ನು ಮೌಸ್‌ನಿಂದ ಎಳೆದು ತಂದು ಜೋಡಿಸುವ ‘ಬಿಲ್ಡರ್’ ತಂತ್ರಾಂಶಗಳು ಈ ತಂಡಗಳ ಮುಂದೆ ಒಂದು ಪ್ರಶ್ನೆಯನ್ನಿಟ್ಟಿವೆ. ತಿಂಗಳ ಕೆಲಸ ವಾರದಲ್ಲಿ ಮುಗಿಯುವುದಾದರೆ ಕೋಡ್ ಏಕೆ ಬರೆಯಬೇಕು?

ಪ್ರೋಗ್ರಾಮರುಗಳು ಇದನ್ನು ಸ್ವಾಭಿಮಾನದ ಪ್ರಶ್ನೆಯಾಗಿಯೂ, ಹಣ ಕೊಡುವವರು ಕೇವಲ ಖರ್ಚಿನ ಪ್ರಶ್ನೆಯಾಗಿಯೂ ನೋಡುತ್ತಾರೆ. ಎರಡೂ ಅಪೂರ್ಣ. ಉಪಕರಣದ ಆಯ್ಕೆ ನಿರ್ಧಾರವಾಗಬೇಕಾದದ್ದು ಕೆಲಸದ ಸ್ವರೂಪದಿಂದ. ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ನಮ್ಮ ಜಿಲ್ಲೆಯಲ್ಲಿಯೇ ಎರಡು ಇವೆ.

ಮೊದಲನೆಯದು ರಾಯಚೂರು ಜಿಲ್ಲಾಡಳಿತದ ವೆಬ್‌ಸೈಟ್. ದೇಶದ ಇತರ ಜಿಲ್ಲೆಗಳ ತಾಣಗಳಂತೆ ಇದೂ ಕೇಂದ್ರ ಸರ್ಕಾರದ ಎನ್‌ಐಸಿ ಸಂಸ್ಥೆ ಸಿದ್ಧಪಡಿಸಿದ ‘ಎಸ್3ವಾಸ್’ ಎಂಬ ಅಚ್ಚಿನಲ್ಲಿ ಮೂಡಿದ್ದು. ವಿನ್ಯಾಸ, ಸುರಕ್ಷತೆ, ಅಂಗವಿಕಲರಿಗೆ ಬೇಕಾದ ಅನುಕೂಲಗಳು ಅಚ್ಚಿನಲ್ಲಿಯೇ ಅಡಕವಾಗಿರುತ್ತವೆ. ಸಿಬ್ಬಂದಿ ಮಾಹಿತಿ ತುಂಬಿದರೆ ಸಾಕು. ಅಧಿಸೂಚನೆ, ಟೆಂಡರು, ಅಧಿಕಾರಿಗಳ ದೂರವಾಣಿ ಸಂಖ್ಯೆ ಪ್ರಕಟಿಸುವುದಕ್ಕೆ ಪ್ರತಿ ಜಿಲ್ಲೆಯೂ ಹೊಸದಾಗಿ ಕೋಡ್ ಬರೆಸುವುದು ಅಪವ್ಯಯವೇ ಸರಿ. ಇಲ್ಲಿ ಸಿದ್ಧ ಅಚ್ಚು ಸೂಕ್ತ.

ಎರಡನೆಯದು ‘ಭೂಮಿ’. ಈ ಶತಮಾನದ ಆರಂಭದಲ್ಲಿ ರಾಜ್ಯದ 177 ತಾಲ್ಲೂಕುಗಳಲ್ಲಿ ಜಾರಿಗೆ ಬಂದ ಈ ವ್ಯವಸ್ಥೆಯಿಂದ ದೇವದುರ್ಗ, ಮಾನ್ವಿಗಳ ರೈತನಿಗೂ ತಾಲ್ಲೂಕು ಕಚೇರಿಯಲ್ಲಿ ಗಣಕೀಕೃತ ಪಹಣಿ ದೊರೆಯುವಂತಾಯಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡಬೇಕು, ದಾಖಲೆ ತಿದ್ದುವ ಅಧಿಕಾರಿ ತನ್ನ ಬೆರಳಚ್ಚು ನೀಡಿಯೇ ಒಳಹೋಗಬೇಕು ಎಂಬ ನಿಯಮಗಳನ್ನು ಆ ತಂತ್ರಾಂಶದಲ್ಲಿಯೇ ನೇಯಲಾಗಿತ್ತು. ಇಂತಹ ನಿಯಮ ಪುಟದ ಅಂದದಲ್ಲಿ ಇರುವುದಿಲ್ಲ, ಪುಟದ ಹಿಂದಿನ ತರ್ಕದಲ್ಲಿರುತ್ತದೆ. ಅದನ್ನು ಬರೆಯಲು ಪ್ರೋಗ್ರಾಮರ್ ಬೇಕು.

ಆದ್ದರಿಂದ ತಂಡವು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಈ ತಾಣ ಮಾಹಿತಿ ತೋರಿಸುತ್ತದೆಯೋ ಅಥವಾ ವ್ಯವಹಾರ ನಡೆಸುತ್ತದೆಯೋ? ಗಿರಣಿಯ ಪರಿಚಯ ಪುಟಕ್ಕೆ ಬಿಲ್ಡರ್ ಧಾರಾಳವಾಗಿ ಸಾಕು. ಷೇರುದಾರ ರೈತರ ಲೆಕ್ಕ ಇಡುವ ತಾಣಕ್ಕೆ ಸಾಲದು.

ಎರಡನೆಯ ಪ್ರಶ್ನೆ ಆಯುಷ್ಯದ್ದು. ಮೈಕ್ರೋಸಾಫ್ಟ್ 1996ರಲ್ಲಿ ಕೊಂಡು ಜನಪ್ರಿಯಗೊಳಿಸಿದ ಫ್ರಂಟ್‌ಪೇಜ್‌ನ ಕೊನೆಯ ಆವೃತ್ತಿ 2003ರದು. ಅಡೋಬಿ ಕಂಪನಿಯ ಮ್ಯೂಸ್‌ಗೆ ಬೆಂಬಲ 2020ರಲ್ಲಿ ಕೊನೆಗೊಂಡಿತು. ಸಣ್ಣ ವ್ಯಾಪಾರಿಗಳಿಗೆ ಗೂಗಲ್ ಉಚಿತವಾಗಿ ನೀಡಿದ್ದ ವೆಬ್‌ಸೈಟ್‌ಗಳು 2024ರ ಮಾರ್ಚ್‌ನಲ್ಲಿ ಸ್ಥಗಿತಗೊಂಡವು. ವಿಕ್ಸ್‌ನಂತಹ ಸೇವೆಯಲ್ಲಿ ಕಟ್ಟಿದ ತಾಣವನ್ನು ಕಿತ್ತು ಬೇರೊಂದು ಸರ್ವರ್‌ನಲ್ಲಿ ಇಡಲು ಬರುವುದಿಲ್ಲ. ಬಾಡಿಗೆ ನಿವೇಶನದಲ್ಲಿ ಮನೆ ಕಟ್ಟಿದವನ ಪಾಡು ಇದು. ಮುಕ್ತ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಬರಹವನ್ನು ಹೊರತೆಗೆಯಬಹುದಾದರೂ, ಅದಕ್ಕೆ ಅಂಟಿಸಿದ ಬಿಲ್ಡರ್ ತೆಗೆದೊಡನೆ ಪುಟದ ವಿನ್ಯಾಸ ಚದುರಿಹೋಗುವ ಸಂಭವ ಉಂಟು.

ಮೂರನೆಯದು ಕನ್ನಡದ ಪ್ರಶ್ನೆ. ಯೂನಿಕೋಡ್ ಬಳಕೆ ವ್ಯಾಪಕವಾಗುವ ಮೊದಲು ಅನೇಕ ಕನ್ನಡ ತಾಣಗಳು, ನಿರ್ದಿಷ್ಟ ಫಾಂಟ್ ಇಲ್ಲದ ಕಂಪ್ಯೂಟರುಗಳಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತಿದ್ದುದನ್ನು ಮರೆಯಲಾಗದು. ಇಂದಿಗೂ ಬಿಲ್ಡರುಗಳ ಸಿದ್ಧ ವಿನ್ಯಾಸಗಳು ಹೆಚ್ಚಾಗಿ ಇಂಗ್ಲಿಷ್ ಅಕ್ಷರದ ಅಳತೆಗೆ ಹೊಲಿದ ಅಂಗಿಗಳು. ಸಾಲುಗಳ ನಡುವಿನ ಅಂತರ ಸಾಲದೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಉದ್ದನೆಯ ಕನ್ನಡ ಪದ ಗುಂಡಿಯೊಳಗೆ ಹಿಡಿಸುವುದಿಲ್ಲ. ಜೊತೆಗೆ ಬಿಲ್ಡರ್ ತಾನೇ ಸೃಷ್ಟಿಸುವ ಅನಗತ್ಯ ಕೋಡ್ ಪುಟವನ್ನು ಭಾರವಾಗಿಸುವುದರಿಂದ, ಅಗ್ಗದ ಮೊಬೈಲು ಮತ್ತು ದುರ್ಬಲ ಸಿಗ್ನಲ್ಲನ್ನೇ ನಂಬಿದ ಹಳ್ಳಿಯ ಓದುಗ ಕಾದು ಕುಳಿತಿರಬೇಕಾಗುತ್ತದೆ.

ಹಾಗೆಂದು ಬಿಲ್ಡರನ್ನು ತಿರಸ್ಕರಿಸುವುದೂ ವಿವೇಕವಲ್ಲ. ಕೈಬರಹದ ಕೋಡ್‌ಗೂ ಅದರದೇ ಆದ ರೋಗವಿದೆ. ಬರೆದ ಯುವಕ ಬೆಂಗಳೂರಿಗೋ ಹೈದರಾಬಾದಿಗೋ ಕೆಲಸಕ್ಕೆ ಹೋದ ಮರುದಿನವೇ ತಾಣ ಅನಾಥವಾಗುತ್ತದೆ. ಒಂದು ದೂರವಾಣಿ ಸಂಖ್ಯೆ ತಿದ್ದಲು ಸಹ ಯಾರೂ ಇರುವುದಿಲ್ಲ. ಕಚೇರಿಯ ಗುಮಾಸ್ತರೇ ತಿದ್ದಬಲ್ಲ ಪುಟಕ್ಕೆ ಇರುವ ಬೆಲೆ ಅಲ್ಪವೇನಲ್ಲ.

ಹಾಗಾದರೆ ತೀರ್ಮಾನ ಹೇಗೆ? ಆಯ್ಕೆಗೆ ಮುನ್ನ ತಂಡವು ಎರಡು ವಾರ ಪರೀಕ್ಷೆ ನಡೆಸಲಿ. ನಿಜವಾದ ಒಂದು ಕನ್ನಡ ಪುಟವನ್ನು ಬಿಲ್ಡರಿನಲ್ಲಿ ಕಟ್ಟಿ, ಅದನ್ನು ಮುಂದೆ ನಿರ್ವಹಿಸಬೇಕಾದ ವ್ಯಕ್ತಿಯ ಕೈಯಿಂದಲೇ ತಿದ್ದಿಸಲಿ. ಸಾಧಾರಣ ಮೊಬೈಲಿನಲ್ಲಿ ತೆರೆದು ನೋಡಲಿ. ಇಬ್ಬರು ಏಕಕಾಲಕ್ಕೆ ಕೆಲಸ ಮಾಡಿದರೆ ಒಬ್ಬರದನ್ನು ಇನ್ನೊಬ್ಬರದು ಅಳಿಸುತ್ತದೆಯೇ, ಹಿಂದಿನ ಆವೃತ್ತಿಗೆ ಮರಳಲು ಸಾಧ್ಯವೇ ಎಂದು ಪರಿಶೀಲಿಸಲಿ. ಎಲ್ಲ ಮಾಹಿತಿಯನ್ನು ಹೊರತೆಗೆದು ಬೇರೆಡೆ ಇಡಲು ಯತ್ನಿಸಲಿ. ಈ ಕೊನೆಯ ಪರೀಕ್ಷೆಯಲ್ಲಿ ಸೋತ ತಂತ್ರಾಂಶವನ್ನು, ಅದು ಎಷ್ಟೇ ಚೆಲುವಾಗಿದ್ದರೂ, ಬಿಡುವುದು ಲೇಸು.

ಹಣ ಕೊಡುವ ಸಂಸ್ಥೆಗಳಿಗೂ ಒಂದು ಹೊಣೆಯಿದೆ. ಡೊಮೇನ್ ಹೆಸರು, ಪಾಸ್‌ವರ್ಡ್, ವಾರ್ಷಿಕ ಚಂದಾದ ಖಾತೆ – ಇವು ಗುತ್ತಿಗೆದಾರನ ಹೆಸರಿನಲ್ಲಲ್ಲ, ಸಂಸ್ಥೆಯ ಹೆಸರಿನಲ್ಲಿಯೇ ಇರಬೇಕೆಂದು ಕರಾರಿನಲ್ಲಿ ಬರೆಸಿಕೊಳ್ಳಬೇಕು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ದೇವದುರ್ಗ, ಮಾನ್ವಿಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು. ಇಂತಹ ಕಡೆ ಒಂದೇ ಕೆಲಸಕ್ಕೆ ಎರಡು ಬಾರಿ ಹಣ ತೆರುವ ಶಕ್ತಿ ಯಾವ ಸಣ್ಣ ಸಂಸ್ಥೆಗೂ ಇಲ್ಲ. ಮೊದಲ ವಾರದಲ್ಲಿ ಉಳಿಸಿದ ಸಮಯಕ್ಕಿಂತ ಐದನೆಯ ವರ್ಷದಲ್ಲಿ ಉಳಿದಿರುವ ತಾಣವೇ ಅವರಿಗೆ ನಿಜವಾದ ಲಾಭ.